ತಿಳಿನೇರಳೆ ಸಮುದ್ರ

ಆ ಮನೆಯಲ್ಲಿ ಬಣ್ಣ ಹೇಳುವ ಹಕ್ಕು ಒಬ್ಬರಿಗೇ ಇತ್ತು. ಅವರು ಮಾವ. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅವರ ಕಟ್ಟುಹಲ್ಲಿನ ಲ್ಯಾಬು, ಹಿಂದಿನ ಕೋಣೆಗಳಲ್ಲಿ ಸಂಸಾರ. ದಂತವೈದ್ಯರು ಅಚ್ಚು ತೆಗೆದು ಕಳಿಸಿದರೆ ಇಲ್ಲಿಂದ ಹಲ್ಲು ಹೋಗುತ್ತಿತ್ತು. ಸೊಸೆ ಗಾರೆ ಕಲಸಿ ಅಚ್ಚಿಗೆ ಹೊಯ್ಯುವಳು, ಪಿಂಗಾಣಿಯ ಪುಡಿ ಬೆರೆಸಿ ಹಲ್ಲು ತಿದ್ದಿ ಸಣ್ಣ ಒಲೆಯಲ್ಲಿ ಸುಡುವಳು, ಉಜ್ಜಿ ಹೊಳಪು ಕೊಡುವಳು. ಗಂಡ ಅದನ್ನು ಸ್ಕೂಟರಿನಲ್ಲಿ ಆಸ್ಪತ್ರೆ ಆಸ್ಪತ್ರೆಗೆ ತಲುಪಿಸುವನು. ಅತ್ತೆ ಅಡುಗೆಮನೆಯನ್ನೂ ಅದರ ಜೊತೆಗೆ ಎಲ್ಲರ ಬಾಯಿಯನ್ನೂ ನೋಡಿಕೊಳ್ಳುವರು.

"ಹಲ್ಲಿದ್ದವನಿಗೆ ಕಡಲೆಯಿಲ್ಲ ಅಂತಾರೆ. ನಮ್ಮನೇಲಿ ಹಲ್ಲು ಡಬ್ಬಿಗಟ್ಟಲೆ ಇದೆ, ಕಡಲೆ ತರೋ ಗಂಡಸು ಮಾತ್ರ ಒಬ್ಬನೂ ಇಲ್ಲ" ಎಂದು ಅತ್ತೆ ಸಾಮಾನು ಮುಗಿದಾಗಲೆಲ್ಲ ಹೇಳುತ್ತಿದ್ದರು.

ಮುಂದಿನ ಹಲ್ಲು ಒಂದನ್ನೇ ಕೂರಿಸುವುದಿದ್ದರೆ ರೋಗಿಯೇ ಲ್ಯಾಬಿಗೆ ಬರಬೇಕು. ಪಕ್ಕದ ಹಲ್ಲಿಗೆ ಒಪ್ಪದಿದ್ದರೆ ನಕ್ಕಾಗ ಮೊದಲು ಕಾಣುವುದು ಅದೇ. ಕಿಟಕಿಯ ಬಳಿಯ ಎತ್ತರದ ಕುರ್ಚಿ ಮಾವನದು. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಮಾದರಿ ಹಲ್ಲುಗಳ ಪಟ್ಟಿಯನ್ನು ರೋಗಿಯ ತುಟಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಮೂರು" ಎನ್ನುವರು. ಹಿಂದೆ ನಿಂತ ಸೊಸೆ ಮೂರನೆಯ ನಂಬರಿನ ಪುಡಿ ಬೆರೆಸಬೇಕು. ನಂಬರು ಏರಿದಷ್ಟೂ ಹಲ್ಲಿನ ಹಳದಿ ಹೆಚ್ಚು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಲ್ಯಾಬು ಮುಚ್ಚಿದ ಮೇಲೆ ಮಾವನಿಗೆ ಇನ್ನೊಂದು ಲೋಕ ತೆರೆಯುತ್ತಿತ್ತು. ಅದು ಒಂದು ಅಂಚೆಚೀಟಿ. ಹತ್ತಾರು ದೇಶದ್ದಲ್ಲ, ನೂರಾರು ಬಗೆಯದ್ದಲ್ಲ, ಒಂದೇ ಚೀಟಿ. ಕೆನಡಾ ದೇಶ ೧೮೯೮ರಲ್ಲಿ ಹೊರತಂದ ಎರಡು ಸೆಂಟಿನದು. ಮೇಲೊಂದು ಕಿರೀಟ, ನಡುವೆ ಭೂಪಟ, ಬ್ರಿಟಿಷರ ಹಿಡಿತದ ನೆಲಕ್ಕೆಲ್ಲ ಕೆಂಪು, ಕೆಳಗೆ ತಮ್ಮಷ್ಟು ದೊಡ್ಡವರು ಯಾರೂ ಇಲ್ಲ ಎನ್ನುವ ಬಡಾಯಿ. ಮಾವ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅವರ ಗುರು ಮೊದಲನೆಯದನ್ನು ಕೊಟ್ಟರಂತೆ. ಆಮೇಲೆ ಕಂಡಲ್ಲೆಲ್ಲ ಅದನ್ನೇ ಕೊಂಡರು. ಒಂದೇ ಚೀಟಿ ಅಷ್ಟೊಂದು ಯಾಕೆ ಎಂದು ಕೇಳಿದವರಿಗೆ ಅವರು ಭೂತಗನ್ನಡಿ ಕೊಟ್ಟು, "ಸಮುದ್ರ ನೋಡು" ಎನ್ನುತ್ತಿದ್ದರು. ಮೊದಲು ಅಚ್ಚಾದವುಗಳ ಸಮುದ್ರ ತಿಳಿನೇರಳೆ. ಆಮೇಲಿನವು ಹಸಿರು ಬೆರೆತ ನೀಲಿ, ಕೆಲವು ಬರೀ ನೀಲಿ. ಕೆಂಪನ್ನು ಬೇರೆಯಾಗಿ ಅಚ್ಚು ಹಾಕುತ್ತಿದ್ದುದರಿಂದ ಕೆಲವುಗಳಲ್ಲಿ ಅದು ಜಾರಿ ನೀರಿಗೆ ಬಿದ್ದಿರುತ್ತಿತ್ತು.

"ಆ ರಾಜ್ಯಾನೂ ಹೀಗೇ ಜಾರಿ ಹೋಯ್ತಲ್ಲ. ಅಚ್ಚಿನವನಿಗೆ ಮೊದಲೇ ಗೊತ್ತಿತ್ತು ಅನ್ಸತ್ತೆ" ಎಂದು ಅತ್ತೆ ಅಕ್ಕಿ ಆರಿಸುತ್ತ ಹೇಳಿದ್ದಕ್ಕೆ ಮಾವ ಒಂದು ದಿನವಿಡೀ ಮಾತು ಬಿಟ್ಟಿದ್ದರು.

ಹಲ್ಲಿಗೆ ಬಳಸುವ ಇಕ್ಕುಳದಿಂದಲೇ ಚೀಟಿ ಎತ್ತಿ, ಬಣ್ಣಕ್ಕೊಂದು ಪುಟದಂತೆ ಆಲ್ಬಮ್ಮಿನಲ್ಲಿ ಕೂರಿಸುವುದು ಅವರ ಅಭ್ಯಾಸ. ಹಲ್ಲಿನ ಬಿಳಿಯಲ್ಲಿ ಹದಿನಾರು ಬಗೆ ಕಂಡವನಿಗೆ ಸಮುದ್ರದ ನೀಲಿ ಯಾವ ಲೆಕ್ಕ ಎನ್ನುವ ಹೆಮ್ಮೆ ಅವರಿಗೆ. ಹೆಮ್ಮೆಪಡುವಂಥ ಕಣ್ಣೇ ಆಗಿತ್ತು ಅದು, ಒಂದು ಕಾಲದಲ್ಲಿ.

ಕೆಲವು ವರ್ಷಗಳ ಹಿಂದೆ ಅಂಚೆಚೀಟಿ ಸಂಘದ ಗೆಳೆಯರು ಟೀಗೆ ಬಂದಿದ್ದರು. ತಟ್ಟೆ ಹಿಡಿದು ಬಂದ ಸೊಸೆಯನ್ನು ಮಾವ ಕರೆದರು.

"ಬಾರಮ್ಮ ಇಲ್ಲಿ. ಈ ಸಮುದ್ರ ಯಾವ ಬಣ್ಣ, ಹೇಳು ನೋಡೋಣ."

ಒಂದು ಮೂಲೆ ಹರಿದಿದ್ದ ಚೀಟಿ. ಅದರಲ್ಲೂ ಕೆಂಪು ಜಾರಿತ್ತು. ಅವಳು ತಟ್ಟೆ ಇಳಿಸಿ, ಬಗ್ಗಿ ನೋಡಿ, "ತಿಳಿನೇರಳೆ" ಎಂದಳು.

ಮಾವ ತೊಡೆ ತಟ್ಟಿ ನಕ್ಕರು. "ಕೇಳಿದ್ರಾ! ಹಸಿರುನೀಲಿ ಇವಳಿಗೆ ನೇರಳೆ. ಇವಳ ಕೈಗೆ ಪಟ್ಟಿ ಕೊಟ್ಟರೆ ನಮ್ಮ ರೋಗಿಗಳೆಲ್ಲ ಬಾಯಿ ಮುಚ್ಕೊಂಡು ನಗಬೇಕಾಗತ್ತೆ. ಕೈ ಚೆನ್ನಾಗಿದೆ ಪಾಪ, ಕಣ್ಣಿಲ್ಲ."

ಗೆಳೆಯರೂ ನಕ್ಕರು. ಚೀಟಿಯನ್ನು ಅವರಲ್ಲಿ ಯಾರೂ ನೋಡಿರಲಿಲ್ಲ, ಬಿಸ್ಕತ್ತು ತಿನ್ನುತ್ತಿದ್ದರು. ಅವಳು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಮಾವ ಯಾವ ಬಣ್ಣದ ಮಾತೆತ್ತಿದರೂ ಅವಳ ಉತ್ತರ ಒಂದೇ ಆಯಿತು.

"ನೀವು ಹೇಳಿದ ಹಾಗೆ, ಮಾವ."

ಅದಾದ ಸ್ವಲ್ಪ ದಿನಕ್ಕೆ ಮೇಡಮ್ಮೊಬ್ಬರ ಮುಂದಿನ ಹಲ್ಲು ವಾಪಸು ಬಂತು. ಮಾವ ನಾಲ್ಕು ಎಂದಿದ್ದರು, ಅವಳು ನಾಲ್ಕನ್ನೇ ಬೆರೆಸಿದ್ದಳು. ಬಾಯಲ್ಲಿ ಜೋಳದ ಕಾಳು ಸಿಕ್ಕಿಕೊಂಡ ಹಾಗಿದೆ ಎಂದು ಅವರ ಹಲ್ಲಿನ ಡಾಕ್ಟರಮ್ಮ ಹೇಳಿಕಳಿಸಿದ್ದರು. "ಒಲೆ ಜಾಸ್ತಿ ಉರಿಸಿದ್ದೀಯ" ಎಂದು ಮಾವ ಗದರಿದರು. ಇನ್ನೊಂದು ಬಂತು. "ಪುಡಿ ಕಲಬೆರಕೆ" ಎಂದರು. ಮೂರನೆಯ ಸಲ ಅವರು ಮೂರು ಎಂದಾಗ ಅವಳಿಗೆ ಕಂಡದ್ದು ಎರಡು. ಹಿಂದಿನ ಮೇಜಿಗೆ ಹೋಗಿ ಎರಡನ್ನೇ ಬೆರೆಸಿದಳು. ಆ ಹಲ್ಲು ವಾಪಸು ಬರಲಿಲ್ಲ. ಅಲ್ಲಿಂದ ಮುಂದಕ್ಕೆ ಒಂದೂ ಬರಲಿಲ್ಲ.

"ನೋಡಿದ್ಯಾ? ನಾನು ಹೇಳಿದ ಹಾಗೆ ಒಲೆ ಉರಿ ಇಳಿಸಿದೆ, ಸರಿಹೋಯ್ತು" ಎಂದರು ಮಾವ.

ವಿಷಯ ತಿಳಿದವರು ಅತ್ತೆ ಒಬ್ಬರೇ. ಅವರು ಧೂಳು ಒರೆಸುವಾಗ ಡಬ್ಬಿಗಳನ್ನು ಎತ್ತಿ ನೋಡಿದ್ದರು. ತಮ್ಮ ಗಂಡನ ಬಾಯಲ್ಲಿ ದಿನವೂ ಮೂರು, ನಾಲ್ಕು. ಖಾಲಿಯಾಗುವುದು ಒಂದು, ಎರಡು. ಅಡುಗೆಮನೆಯಲ್ಲಿ ಸೊಸೆಯ ಕೈ ಹಿಡಿದುಕೊಂಡರು.

"ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ಇವರದ್ದೂ ಅದೇ ಕತೆ ಆಗಿದೆ, ಅಲ್ವೇನೇ?"

"ಪೊರೆ ಬಂದಿರಬೇಕು ಅತ್ತೆ."

"ಬಾಯಿ ಬಿಡಬೇಡ ತಾಯಿ. ಅವರ ಹತ್ರ ಇರೋದು ಆ ಕಣ್ಣೊಂದೇ. ಅದೂ ಹೋಯ್ತು ಅಂತ ಗೊತ್ತಾದ್ರೆ ಉಳಿಯಲ್ಲ ಅವರು."

ಅವಳು ಬಾಯಿ ಬಿಡಲಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಕೊಡುವ ಸೂಜಿ ಮೈಗೆಲ್ಲ ಹಿಡಿದ ಹಾಗೆ ಇರುತ್ತಿತ್ತು. ಎದ್ದಳು, ಅನ್ನಕ್ಕಿಟ್ಟಳು, ಗಾರೆ ಕಲಸಿದಳು, ಮಾವ ಹೇಳಿದ ನಂಬರನ್ನು ಕೇಳಿ ತನಗೆ ಕಂಡ ನಂಬರನ್ನು ಬೆರೆಸಿದಳು, ಪಾತ್ರೆ ತೊಳೆದಳು, ಮಲಗಿದಳು. ನೋವಿದೆಯಾ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮಾವ ಸುದ್ದಿ ಹೇಳಿದರು.

"ಬರೋ ತಿಂಗಳಿಂದ ಒಬ್ಬನ್ನ ಇಟ್ಕೊಳ್ತಾ ಇದ್ದೀನಿ. ನನ್ನ ಗೆಳೆಯನ ಅಳಿಯ. ದೊಡ್ಡ ಲ್ಯಾಬಲ್ಲಿ ಕೆಲಸ ಮಾಡ್ದೋನು. ಕಿಟಕಿ ಕುರ್ಚಿ ಅವನಿಗೆ ಕಲಿಸಿ ಕೊಡ್ತೀನಿ. ಪಿಂಗಾಣಿ ಕೆಲಸಾನೂ ಅವನೇ ನೋಡ್ಕೊಳ್ಳಲಿ."

ಅತ್ತೆಯ ಕೈಯ ಸೌಟು ಬೇಳೆಯ ಪಾತ್ರೆಯಲ್ಲೇ ನಿಂತಿತು. "ಮತ್ತೆ ಇವಳು?"

"ಇವಳಿಗೆ ಗಾರೆ ಇದೆಯಲ್ಲ. ಗಾರೆಗೆ ಇವಳನ್ನ ಮೀರಿಸೋರಿಲ್ಲ, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ನನ್ನ ನಂತರ ಬಣ್ಣ ನೋಡೋಕೆ ಒಂದು ಕಣ್ಣು ಬೇಡವಾ?"

"ತಾತ, ನಿಮ್ಮ ಕಾಲು ನೋಡ್ಕೊಳಿ" ಎಂದಳು ಕಾಲೇಜಿಗೆ ಹೋಗುವ ಮೊಮ್ಮಗಳು.

"ಏನಾಗಿದೆ ಕಾಲಿಗೆ?"

"ಒಂದು ಕಾಲುಚೀಲ ಕಪ್ಪು, ಒಂದು ನೀಲಿ."

"ಎರಡೂ ಕಪ್ಪೇ. ನಿನ್ನಮ್ಮನ ಕಣ್ಣೇ ನಿನಗೂ ಬಂದಿದೆ, ಊಟ ಮಾಡು."

ಗಂಡ ಅನ್ನ ಕಲಸುತ್ತಲೇ ಇದ್ದ. ಅವನು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪಳಗಿದವನು. ಸಂಜೆ ಒಗೆದ ಬಟ್ಟೆ ಮಡಿಸುವಾಗ ಅವಳೇ ಬಾಯಿ ತೆರೆದಳು.

"ಕುರ್ಚಿ ಬೇರೆಯವರಿಗೆ ಹೋದ್ರೆ ನಾನು ಇಷ್ಟು ವರ್ಷ ಕಲಿತಿದ್ದು ಏನಕ್ಕೆ?"

"ಅಪ್ಪ ಹೇಳಿಬಿಟ್ರಲ್ಲ."

"ನೀವೇನು ಹೇಳ್ತೀರಿ?"

"ನಾನು ಹೇಳೋದೇನು... ನೀನು ಹೇಳೋದೂ ಸರಿ. ಅಪ್ಪ ಹೇಳೋದರಲ್ಲೂ ತಪ್ಪಿಲ್ಲ." ಅವನು ಚಾದರದ ತುದಿ ಹಿಡಿದು ಎಳೆದ. "ಹಿಡ್ಕೋ ಆ ಕಡೆ, ಸುಕ್ಕು ಬೀಳ್ತಿದೆ."

ಅವಳು ಆ ಕಡೆ ಹಿಡಿದಳು. ಪಿಂಗಾಣಿಯ ಕೆಲಸ ಅವಳಿಗೆ ಬೇಕಿತ್ತು. ಬದುಕಿನಲ್ಲಿ ತನ್ನದು ಎಂದು ಅವಳು ಬೇಕೆಂದದ್ದು ಅದೊಂದೇ. ಬಾಯಿ ಬಿಟ್ಟರೆ ಮಾವ ಕುಸಿಯುತ್ತಾರೆ, ಬಿಡದಿದ್ದರೆ ಕೆಲಸ ಹೋಗುತ್ತದೆ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಚಾದರ ಮಡಿಸಿ ಬೀರುವಿನಲ್ಲಿಟ್ಟಳು.

ಆ ವಾರಗಳಲ್ಲೇ ಸಂಘದ ಪ್ರದರ್ಶನವೂ ಬಂತು. ಮಾವ ತಮ್ಮ ಆಲ್ಬಮ್ಮಿನ ಪುಟಗಳನ್ನೆಲ್ಲ ಮೊದಲ ಸಲ ಹೊರಗೆ ತೋರಿಸಲು ಹೊರಟಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ಮೊಮ್ಮಗಳು ಆರಿಸಿಕೊಟ್ಟ ಕಾಲುಚೀಲ. ಬೆಳಿಗ್ಗೆ ಹೋದವರು ಊಟದ ಹೊತ್ತಿಗೇ ವಾಪಸು ಬಂದರು. ಪುಟಗಳ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಕುಕ್ಕಿದರು.

"ಯಾಕಪ್ಪ, ಸಂಜೆ ತನಕ ಇರತ್ತೆ ಅಂದ್ರಲ್ಲ?" ಎಂದ ಮಗ.

"ಆ ಕಾರ್ಯದರ್ಶಿಗೆ ಸಮುದ್ರ ಅಂದ್ರೇನು ಗೊತ್ತಾ? ನನ್ನ ಹಸಿರುನೀಲಿ ಪುಟದ ಮುಂದೆ ನಿಂತು, ಕಿವೀಲಿ ಹೇಳ್ತಾನೆ, ಸ್ವಾಮಿ, ಇದರಲ್ಲಿ ಅರ್ಧಕ್ಕರ್ಧ ತಿಳಿನೇರಳೆ ಇದೆ, ಪುಟ ಅದಲುಬದಲಾಗಿರಬೇಕು ಅಂತ. ಪಕ್ಕದಲ್ಲಿದ್ದೋನೂ ತಲೆ ಆಡಿಸ್ತಾನೆ! ನನಗೆ!"

ಸೊಸೆ ತಟ್ಟೆ ಇಟ್ಟು ಅನ್ನ ಬಡಿಸಿದಳು. ಒಳಗೆ ಏನಾದರೂ ಅಲ್ಲಾಡುತ್ತದೆಯೇ ಎಂದು ತನ್ನನ್ನು ತಾನೇ ಗಮನಿಸಿಕೊಂಡಳು. ಏನೂ ಅಲ್ಲಾಡಲಿಲ್ಲ.

"ತಾತ, ಒಂದ್ಸಲ ಕಣ್ಣು ತೋರಿಸಿಬಿಡಿ. ಏನೂ ಇಲ್ಲ ಅಂತ ಡಾಕ್ಟರೇ ಬರೆದುಕೊಟ್ರೆ ಕಾರ್ಯದರ್ಶಿ ಮುಖಕ್ಕೆ ಹಿಡಿಬಹುದು" ಎಂದಳು ಮೊಮ್ಮಗಳು.

"ಹಿಡೀತೀನಿ! ಹಿಡಿದೇ ಹಿಡೀತೀನಿ!" ಎಂದು ಮಾವ ಗುಡುಗಿದರು. ಅತ್ತೆ ಮೊಮ್ಮಗಳ ತಟ್ಟೆಗೆ ಯಾರೂ ಕೇಳದಿದ್ದರೂ ಇನ್ನೊಂದು ಮೊಟ್ಟೆ ಹಾಕಿದರು.

ಕಣ್ಣಿನ ಡಾಕ್ಟರು ಬೇರೆಯದನ್ನೇ ಬರೆದುಕೊಟ್ಟರು. ಎರಡೂ ಕಣ್ಣಿಗೆ ಪೊರೆ, ಹಣ್ಣಾಗಿ ಹಳದಿ ತಿರುಗಿದೆ, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಹಟಕ್ಕೆ ಬಿದ್ದು ಹೋದವರು ಹಟಕ್ಕೇ ಆಪರೇಷನ್ನಿಗೂ ಒಪ್ಪಿಕೊಂಡರು. "ಮಾಡಿ, ಮಾಡಿ. ಎರಡು ಕಣ್ಣಲ್ಲೂ ಅದು ಹಸಿರುನೀಲೀನೇ."

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಮಾವ ಮನೆಗೆ ಬಂದು ಮೊದಲು ಗೋಡೆ ನೋಡಿದರು. "ಯಾವಾಗ ಬಿಳಿ ಬಳಿಸಿದ್ರಿ?" ಎಂದರು. ಯಾರೂ ಬಳಿಸಿರಲಿಲ್ಲ. ಹಾಲಿನ ಲೋಟ ಎತ್ತಿ ನೋಡಿದರು. ಅತ್ತೆಯ ತಲೆ ನೋಡಿ, "ಇಷ್ಟು ನರೆತಿದ್ಯಾ ನೀನು?" ಎಂದರು.

"ನರೆತು ಎಷ್ಟೋ ಕಾಲ ಆಯ್ತು. ನಿಮಗೆ ಈಗ ಅಂಚೆ ತಲುಪಿದೆ" ಎಂದರು ಅತ್ತೆ.

ಊಟವಾದ ಮೇಲೆ ಅವರು ಆಲ್ಬಮ್ಮು ತೆಗೆದು ಕಿಟಕಿಯ ಬಳಿ ಕೂತರು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರು. ಪುಟ ತಿರುಗಿಸಿದರು, ಮತ್ತೆ ಹಾಗೇ ಮಾಡಿದರು. ಸೊಸೆ ಪಕ್ಕದ ಕೋಣೆಯಲ್ಲಿ ಗಾರೆ ಕಲಸುತ್ತ ಬಾಗಿಲಿನಿಂದ ನೋಡುತ್ತಿದ್ದಳು. ಕೈ ಮೇಲೆ ಹೋಗುವುದು, ಇಳಿಯುವುದು. ಗುಡುಗಲಿಲ್ಲ, ಬೈಯಲಿಲ್ಲ. ಟೀ ತಂದಿಟ್ಟರೆ ಅದು ಹಾಗೇ ಆರಿತು. ಸಂಜೆಯ ಬೆಳಕು ಹೋದ ಮೇಲೂ ಅವರು ದೀಪ ಹಾಕದೆ ಅಲ್ಲೇ ಕೂತಿದ್ದರು. ಅತ್ತೆ ಹೆದರಿ ಎರಡು ಸಲ ಹೋಗಿ ಬಂದರು.

ಮರುದಿನ, ಅದರ ಮರುದಿನ ಮಾವ ಊಟಕ್ಕೆ ಬಂದರು, ತಿಂದರು, ಎದ್ದುಹೋದರು. ಉಪ್ಪು ಕಡಿಮೆಯೆಂದು ಜಗಳ ತೆಗೆಯಲಿಲ್ಲ. ಮಗ ಒಂದು ಅಚ್ಚು ತಂದು ತೋರಿಸಿದರೆ, "ಇಡು ಅಲ್ಲಿ" ಎಂದರು. ಮನೆಯವರೆಲ್ಲ ಮೆಲ್ಲಗೆ ನಡೆಯತೊಡಗಿದರು.

ಆ ವಾರದ ಕೊನೆಗೆ, ಬೆಳಿಗ್ಗೆ ಬಿಸಿಲು ಕಿಟಕಿಗೆ ಬಂದ ಹೊತ್ತಿಗೆ ಅವರು ಸೊಸೆಯನ್ನು ಕರೆದರು. ಆಲ್ಬಮ್ಮಿನ ಪುಟಗಳು ಖಾಲಿಯಾಗಿದ್ದವು. ಚೀಟಿಗಳೆಲ್ಲ ಮೇಜಿನ ಮೇಲಿನ ಬಿಳಿ ಬಟ್ಟೆಯಲ್ಲಿ ಒಂದೇ ರಾಶಿಯಾಗಿ ಬಿದ್ದಿದ್ದವು.

"ವಿಂಗಡಿಸು" ಎಂದು ಇಕ್ಕುಳ ಚಾಚಿದರು.

"ನೀವು ಹೇಳಿದ ಹಾಗೆ, ಮಾವ."

"ನಾನು ಹೇಳಲ್ಲ. ನಿನಗೆ ಕಂಡ ಹಾಗೆ."

ಅವಳು ಕೈ ಚಾಚಲಿಲ್ಲ. ಮಾವ ಇಕ್ಕುಳವನ್ನು ಬಟ್ಟೆಯ ಮೇಲಿಟ್ಟು, ಕೈ ಕಟ್ಟಿಕೊಂಡು ಕೂತರು. ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಯ ಸದ್ದು ನಿಂತಿತ್ತು.

"ಮೂರು ದಿನದಿಂದ ಒಂದೇ ವಿಷಯ ಯೋಚನೆ ಮಾಡ್ತಾ ಇದ್ದೀನಮ್ಮ" ಎಂದರು. "ಚೀಟಿಯಲ್ಲಿ ಅರ್ಧಕ್ಕರ್ಧ ತಪ್ಪಿದೆ. ಇದೇ ಕಣ್ಣಲ್ಲೇ ತಾನೇ ನಾನು ಹಲ್ಲೂ ನೋಡಿದ್ದು? ಅಲ್ಲೂ ಅರ್ಧಕ್ಕರ್ಧ ತಪ್ಪಿರಬೇಕು. ಊರ ತುಂಬ ಜೋಳದ ಕಾಳು ಇರಬೇಕಿತ್ತು. ಆ ಎರಡು ಬಿಟ್ಟರೆ ಒಂದೂ ವಾಪಸು ಬರಲಿಲ್ಲ. ಯಾಕೆ ಬರಲಿಲ್ಲ?"

ಅವಳು ಬಟ್ಟೆಯ ಮೇಲಿನ ರಾಶಿಯನ್ನು ನೋಡಿದಳು.

"ಒಲೆ ಇಳಿಸಿದ್ದಕ್ಕಾ?"

"ಅಲ್ಲ ಮಾವ."

"ನಾನು ಹೇಳಿದ ನಂಬರು ನೀನು ಬೆರೆಸ್ತಾ ಇರಲಿಲ್ಲ."

"ಇಲ್ಲ ಮಾವ."

ಈ ಗಳಿಗೆಯನ್ನು ಅವಳು ಹಿಂದೆ ಎಷ್ಟೋ ಸಲ ಊಹಿಸಿಕೊಂಡಿದ್ದಳು. ಆಗ ತಾನು ಅಳುವೆನೆಂದೋ, ಹಿಡಿದಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಹೇಳುವೆನೆಂದೋ ಅಂದುಕೊಂಡಿದ್ದಳು. ಈಗ ಗಳಿಗೆ ಬಂದೇ ಬಂದಿತ್ತು, ಅವಳಿಗೆ ಅಳುವೂ ಇಲ್ಲ, ಗೆದ್ದೆ ಎನ್ನುವುದೂ ಇಲ್ಲ. ಮಾವನ ಕೊರಳಿನ ಗುಂಡಿ ತಪ್ಪು ತೂತಿಗೆ ಹಾಕಿದೆ ಎನ್ನುವುದು ಮಾತ್ರ ಕಾಣುತ್ತಿತ್ತು.

"ಇಷ್ಟು ವರ್ಷ! ಒಂದು ಮಾತು ಹೇಳಬಾರದಿತ್ತಾ ನನಗೆ?" ಮಾವ ಕಟ್ಟಿದ್ದ ಕೈ ಬಿಚ್ಚಿದರು. "ಯಾಕೆ ಹೇಳಲಿಲ್ಲ?"

ಅವಳು ಇಕ್ಕುಳ ಎತ್ತಿಕೊಂಡಳು. ರಾಶಿಯಲ್ಲಿ ಮೆಲ್ಲಗೆ ಕೆದಕಿ, ಮೂಲೆ ಹರಿದ, ಕೆಂಪು ಜಾರಿದ ಆ ಒಂದು ಚೀಟಿಯನ್ನು ಹುಡುಕಿ ತೆಗೆದಳು. ಅದನ್ನು ಬಟ್ಟೆಯ ಎಡಬದಿಗೆ ಒಂಟಿಯಾಗಿ ಇಟ್ಟಳು.

"ಹೇಳಿದ್ದೆ ಮಾವ. ತಿಳಿನೇರಳೆ ಅಂದಿದ್ದೆ."

ಮಾವ ಬಗ್ಗಿ ಅದನ್ನು ನೋಡಿದರು. ಎಡಗಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಆ ದಿನ ನೆನಪಾಯಿತೆಂದು ಅವಳಿಗೆ ಗೊತ್ತಾಯಿತು, ಯಾಕೆಂದರೆ ಅವರ ಕಿವಿ ಕೆಂಪಾದವು. ಅವರು ಕ್ಷಮಿಸು ಎನ್ನಲಿಲ್ಲ. ಆ ಮನೆಯಲ್ಲಿ ಯಾರೂ ಯಾರಿಗೂ ಆ ಮಾತು ಹೇಳಿದ್ದಿಲ್ಲ, ಅದಕ್ಕೆ ಬಾಯಿ ತಿರುಗುತ್ತಿರಲಿಲ್ಲ.

"ಹೂಂ. ಉಳಿದದ್ದು ಮಾಡು" ಎಂದರು.

ಅವಳು ಮಾಡಿದಳು. ನೇರಳೆ ಎಡಕ್ಕೆ, ಹಸಿರುನೀಲಿ ಬಲಕ್ಕೆ, ಬರೀ ನೀಲಿ ನಡುವೆ. ಅಕ್ಕಿಯಲ್ಲಿ ಕಲ್ಲು ಆರಿಸುವ ವೇಗದಲ್ಲಿ ಕೈ ಓಡಿತು. ಮಾವ ನೋಡುತ್ತಿದ್ದರು. ಒಂದು ಕಡೆ ಮಾತ್ರ, "ಇದು ಅನುಮಾನ ಅಲ್ವಾ?" ಎಂದರು. "ಅನುಮಾನವೇ" ಎಂದು ಅವಳು ಅದನ್ನು ಬೇರೆ ಇಟ್ಟಳು.

ಅಂದು ಮಧ್ಯಾಹ್ನ ಮಾವ ಫೋನಿನಲ್ಲಿ ಗೆಳೆಯನ ಹತ್ತಿರ ಮಾತಾಡುವುದು ಅಡುಗೆಮನೆಗೂ ಕೇಳಿಸಿತು. "ನಿನ್ನ ಅಳಿಯನಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳಪ್ಪ. ನಮ್ಮಲ್ಲಿ ಜಾಗ ಖಾಲಿ ಇಲ್ಲ. ಇತ್ತು ಅಂದ್ಕೊಂಡಿದ್ದೆ, ಇಲ್ಲ."

"ನಾನು ಅವತ್ತೇ ಅಂದ್ಕೊಂಡೆ" ಎಂದ ಗಂಡ.

"ಅಂದ್ಕೊಂಡಿದ್ದನ್ನ ಒಂದಿನ ಬಾಯಲ್ಲೂ ಅನ್ನು" ಎಂದು ಅತ್ತೆ ಅವನ ಮುಂದೆ ತಟ್ಟೆ ಇಟ್ಟರು.

ಸೋಮವಾರ ಡಾಕ್ಟರಮ್ಮ ಕಳಿಸಿದ ರೋಗಿ ಬಂದರು. ಬಸ್ಸು ಓಡಿಸುವವರು, ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದರು. ಮಾವ ಗಾರೆಯ ಮೇಜಿನ ಮುಂದೆ ಗಿಡ್ಡ ಸ್ಟೂಲಿನಲ್ಲಿ ಕೂತಿದ್ದರು. ಕಿಟಕಿಯ ಕುರ್ಚಿ ಖಾಲಿ ಇತ್ತು. ಸೊಸೆ ಅದರ ಮೇಲೆ ಕೂತಳು. ಅದು ಅವಳು ಅಂದುಕೊಂಡದ್ದಕ್ಕಿಂತ ಎತ್ತರವಾಗಿತ್ತು, ಕಾಲು ನೆಲಕ್ಕೆ ತಾಗಲಿಲ್ಲ. ರೋಗಿ ಬಾಯಿ ತೆರೆದರು. ಅವಳು ಪಟ್ಟಿ ಬಿಚ್ಚಿ ತುಟಿಗೆ ಹಿಡಿದಳು.

ಹಿಡಿದು, ಕಾದಳು. ಇಷ್ಟು ವರ್ಷದ ಅಭ್ಯಾಸ, ಬೇರೆ ಕಡೆಯಿಂದ ನಂಬರು ಬರಬೇಕು. ಬರಲಿಲ್ಲ. ರೋಗಿಯ ದವಡೆ ನೋಯತೊಡಗಿತು.

"ಎರಡು" ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಹಿಂದೆ ಸ್ಟೂಲು ಸರಿದ ಸದ್ದಾಯಿತು. ಮಾವ ಗಾರೆಯ ಕೈಯನ್ನು ಒರೆಸಿಕೊಂಡು, ಕಪಾಟು ತೆರೆದು, ಪುಡಿಯ ಡಬ್ಬಿ ತಂದು ಅವಳ ಮುಂದಿಟ್ಟರು. ಅವಳು ಬೇಕೆಂದೇ ಮಾಡಲಿಲ್ಲ, ಕೈಯೇ ಹೋಗಿ ಡಬ್ಬಿಯನ್ನು ಬೆಳಕಿಗೆ ತಿರುಗಿಸಿತು. ಮೇಲಿನ ಅಂಕಿ ಓದಿದಳು. ಎರಡೇ ಇತ್ತು. ತಲೆ ಎತ್ತಿದರೆ ಮಾವ ಅವಳನ್ನೇ ನೋಡುತ್ತಿದ್ದರು. ಅವಳ ಮುಖ ಬಿಸಿಯಾಯಿತು. ಎಷ್ಟೋ ಕಾಲದ ಮೇಲೆ ಹಾಗೆ ಏನೋ ಒಂದು ಮೈಗೆ ತಾಗಿತ್ತು.

"ನೋಡ್ಕೋ, ನೋಡ್ಕೋ" ಎಂದರು ಮಾವ. "ನಾನೂ ನೋಡ್ಕೋಬೇಕಿತ್ತು."